ಎಂದೂ ಹೊರಗಾಗದ ಮೂಲೆಮನೆ ಅಕ್ಕ

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಲೇ ಎಂದು ಅವರ ಮಗಳನ್ನು ಕೇಳಿದ್ದೆ. "ಅಮ್ಮನ ಬಗ್ಗೆ ಬರೀರಿ ಆಂಟಿ. ಹೆಸರು ಮಾತ್ರ ಬೇಡ" ಎಂದಳು. ಬರೆದಿದ್ದರೂ ನಮ್ಮ ರಸ್ತೆಯ ಅರ್ಧ ಜನಕ್ಕೆ ಗುರುತು ಹತ್ತುತ್ತಿರಲಿಲ್ಲ. ಬಸವೇಶ್ವರನಗರದ ನಮ್ಮ ಅಡ್ಡರಸ್ತೆ ದೊಡ್ಡ ರಸ್ತೆಯನ್ನು ಸೇರುವ ತಿರುವಿನಲ್ಲಿ ಅವರ ಮನೆ. ಹಾಗಾಗಿ ಚಿಕ್ಕವರಿಗೂ ದೊಡ್ಡವರಿಗೂ ಅವರು ಮೂಲೆಮನೆ ಅಕ್ಕ. ಕಳೆದ ವರಮಹಾಲಕ್ಷ್ಮಿ ಹಬ್ಬದ ದಿನ ತೀರಿಹೋದರು. ವಯಸ್ಸು ನಲವತ್ತು ದಾಟಿ ಸ್ವಲ್ಪ ಆಗಿತ್ತು, ಅಷ್ಟೆ. ನಾನು ಎದುರುಮನೆಯವಳು, ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಡಂ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ ಬರೆಯುತ್ತೇನೆ. ಅದಕ್ಕಿಂತ ಹೆಚ್ಚಿನದು ಈಗ ನನ್ನ ಕೈಲಾಗುವುದಿಲ್ಲ.

ನಾವು ಈ ರಸ್ತೆಗೆ ಬಂದಾಗ ಏಪ್ರಿಲ್ ತಿಂಗಳು. ಸಾಮಾನು ಇಳಿಸುತ್ತಿದ್ದವರ ಅಂಗಿಯೆಲ್ಲ ಬೆವರಿನಿಂದ ಒದ್ದೆ. ಎದುರುಮನೆಯ ಕಲ್ಲಿನ ಮೆಟ್ಟಿಲ ಮೇಲೆ, ನೆರಳು ಬಿಟ್ಟು ಬಿಸಿಲಿರುವ ಕಡೆಗೇ ಸರಿದು, ಒಬ್ಬ ಹೆಂಗಸು ಕೂತಿದ್ದರು. ಸೀರೆಯ ಮೇಲೆ ಉಣ್ಣೆಯ ಸ್ವೆಟರ್. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡಿದ್ದರು. ನೀರು ಕೇಳಲು ಹೋದವಳು, "ಜ್ವರ ಬಂದಿದ್ಯಾ ಅಕ್ಕ?" ಎಂದೆ.

"ಜ್ವರ ಅಲ್ಲ ಕಣೇ. ನಂಗೆ ಚಳಿ ಸ್ವಲ್ಪ ಜಾಸ್ತಿ, ಅಷ್ಟೇ" ಎಂದು ಗೋಡೆ ಹಿಡಿದು ಎದ್ದರು. ಎದ್ದಮೇಲೂ ಗೋಡೆಯಿಂದ ಕೈ ತೆಗೆಯದೆ ಸ್ವಲ್ಪ ಹೊತ್ತು ಹಾಗೇ ನಿಂತರು. ಕೊಡ ತುಂಬಿಸಿ ಕೊಡುತ್ತಾ, "ಹಾಲುಕ್ಕಿಸೋದು ಯಾವತ್ತು? ಪೂಜೆ ಇದ್ರೆ ಹೇಳು, ಪ್ರಸಾದ ನಾನು ಮಾಡ್ಕೊಡ್ತೀನಿ. ನನ್ನ ಹತ್ರ ದಿನ ಕೇಳೋದೇ ಬೇಡ" ಎಂದರು.

ಆ ಕೊನೆಯ ಮಾತು ನನಗೆ ಆಗ ಅರ್ಥವಾಗಲಿಲ್ಲ. ರಸ್ತೆಯಲ್ಲಿ ಒಂದು ಶ್ರಾವಣ ಕಳೆದಮೇಲೆ ಆಯಿತು. ನಮ್ಮ ರಸ್ತೆಯಲ್ಲಿ ಹೆಚ್ಚಿನವು ಒಂದೇ ಬಗೆಯ ಆಚಾರದ ಮನೆಗಳು. ಹೆಂಗಸರು ಆಫೀಸಿಗೆ ಹೋಗುತ್ತಾರೆ, ಕಾರು ಓಡಿಸುತ್ತಾರೆ. ಆದರೆ ಮುಟ್ಟಾದಾಗ ಅಡಿಗೆಮನೆಗೂ ದೇವರಮನೆಗೂ ಕಾಲಿಡುವುದಿಲ್ಲ. ವ್ರತದ ದಿನ ಮನೆಯಾಕೆ ಹೊರಗಾದರೆ ನೈವೇದ್ಯ ಮಾಡುವವರಿಲ್ಲ. ಹಬ್ಬ ಹತ್ತಿರ ಬರುತ್ತಿದ್ದಂತೆ ಮುಟ್ಟನ್ನು ಮುಂದಕ್ಕೆ ಹಾಕುವ ಮಾತ್ರೆಗೆ ಮೆಡಿಕಲ್ ಶಾಪಿನಲ್ಲಿ ಹೆಂಗಸರು ಸದ್ದಿಲ್ಲದೆ ನಿಲ್ಲುತ್ತಾರೆ. ಮಾತ್ರೆ ಒಗ್ಗದವರು ಮೂಲೆಮನೆಗೆ ಹೋಗುತ್ತಿದ್ದರು. ಏಕೆಂದರೆ ಮೂಲೆಮನೆ ಅಕ್ಕ ಎಂದೂ ಹೊರಗಾಗುತ್ತಿರಲಿಲ್ಲ. ಮಗಳು ಹುಟ್ಟಿದಮೇಲೆ ಅವರಿಗೆ ಮುಟ್ಟೇ ಬಂದಿರಲಿಲ್ಲ.

ಮೊದಮೊದಲು, ಮಗುವಾದಮೇಲೆ ಕೆಲವರಿಗೆ ತಡವಾಗುತ್ತದೆ ಎಂದು ಮನೆಯವರು ಸುಮ್ಮನಿದ್ದರಂತೆ. ಆಮೇಲೆ ಎರಡನೆಯ ಮಗುವಿಗಾಗಿ ಹರಕೆ ಹೊತ್ತರು. ಅದೂ ಆಗದಿದ್ದಾಗ, ಬೇಗ ನಿಂತುಹೋಗಿದೆ ಎಂದು ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ರಸ್ತೆ ಅದಕ್ಕೆ ಬೇರೆ ಹೆಸರನ್ನೇ ಕೊಟ್ಟಿತ್ತು. "ದೇವರೇ ಕೊಟ್ಟ ಮಡಿ ಕಣ್ರೀ ಅವರದು. ಎಲ್ಲರಿಗೂ ಸಿಗತ್ತಾ?" ಎಂದು ಪಕ್ಕದ ಮನೆಯಾಕೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅದು ಹೊಟ್ಟೆಕಿಚ್ಚೂ ಅಲ್ಲ, ಕುಹಕವೂ ಅಲ್ಲ. ನಂಬಿ ಹೇಳಿದ ಮಾತು. ಒಬ್ಬ ಹೆಂಗಸಿನ ಕಾಯಿಲೆಯನ್ನು ಒಂದು ರಸ್ತೆಯೇ ಸೇರಿ ವರವೆಂದು ಪೂಜಿಸಿತು. ಅದರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ.

ಅಕ್ಕ ಮಾಡುವ ಸಜ್ಜಿಗೆ ಪ್ರಸಾದ ಒಂದು ದಿನವೂ ತಳ ಹಿಡಿದದ್ದಿಲ್ಲ. ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದಾಗ ಪಕ್ಕದಲ್ಲೇ ನಿಂತು ನೋಡಿದೆ. ರವೆ ಹುರಿಯುವಾಗ ಬಾಣಲೆಯ ಕಡೆ ಕಣ್ಣಿಡುತ್ತಿರಲಿಲ್ಲ, ಕಿವಿಯಿಡುತ್ತಿದ್ದರು. "ಸದ್ದು ಕೇಳು. ಮೊದ್ಲು ಮರಳಿನ ಥರ ಗರಗರ ಅನ್ನತ್ತೆ. ಹುರಿದು ಹಗುರ ಆಯ್ತು ಅಂದ್ರೆ ಸದ್ದು ತೆಳ್ಳಗಾಗತ್ತೆ. ಅಷ್ಟೇ, ಇನ್ನೇನಿಲ್ಲ." ನೈವೇದ್ಯವಾದ್ದರಿಂದ ರುಚಿ ನೋಡುವಂತಿಲ್ಲ. ಸಕ್ಕರೆ ಸರಿಯಿದೆಯೋ ಎಂದು ನಾನು ಹೆದರಿದರೆ, "ಸತ್ಯನಾರಾಯಣ ಇಷ್ಟು ವರ್ಷದಲ್ಲಿ ಒಂದಿನಾನೂ ಕಂಪ್ಲೇಂಟ್ ಕೊಟ್ಟಿಲ್ಲ ಕಣೇ" ಎನ್ನುತ್ತಿದ್ದರು. ಅವರ ತಮಾಷೆಗಳು ಹೀಗೆ, ಮುಖದಲ್ಲಿ ನಗು ಕಾಣಿಸದೆ, ನಿಧಾನವಾಗಿ ಬರುತ್ತಿದ್ದವು. ದನಿಯೂ ನಿಧಾನ, ಸ್ವಲ್ಪ ಗೊಗ್ಗರು. "ನಂದು ಇಪ್ಪತ್ನಾಲ್ಕು ಗಂಟೆ ಸರ್ವಿಸ್. ಬೋರ್ಡ್ ಒಂದು ಹಾಕ್ಸಿಲ್ಲ ಅಷ್ಟೇ."

ಹತ್ತಿರ ನಿಂತಾಗ ಇನ್ನೂ ಕೆಲವು ಕಣ್ಣಿಗೆ ಬೀಳುತ್ತಿದ್ದವು. ಹುಬ್ಬಿನ ಹೊರತುದಿಯಲ್ಲಿ ಕೂದಲೇ ಇರಲಿಲ್ಲ. ಕಾಡಿಗೆ ಪೆನ್ಸಿಲಿನಿಂದ ತಿದ್ದಿಕೊಳ್ಳುತ್ತಿದ್ದರು. ಮುಖ ಮೇಣದ ಹಾಗೆ ಬಿಳಿಚಿತ್ತು. ದಿನವೆಲ್ಲ ಬಿಸಿಲಲ್ಲಿ ಕೂತರೂ ಕಪ್ಪಾಗುತ್ತಿರಲಿಲ್ಲ. ಪೂಜೆ ಮುಗಿಯುವ ಹೊತ್ತಿಗೆ ಅವರು ಎಲ್ಲಾದರೂ ಒರಗಿ ಕೂತು ಕಣ್ಣು ಮುಚ್ಚಿರುತ್ತಿದ್ದರು. ಯಾರಾದರೂ ಕರೆದರೆ, "ನಿದ್ದೆ ಅಲ್ಲ, ಸುಮ್ನೆ" ಎನ್ನುವರು. ರಕ್ತ ಕಡಿಮೆ ಎಂದು ಯಾರೋ ಹೇಳಿ, ವರ್ಷಗಳಿಂದ ಕಬ್ಬಿಣದ ಟಾನಿಕ್ ಕುಡಿಯುತ್ತಿದ್ದರು. ಬೀಟ್‌ರೂಟ್ ತಿನ್ನುತ್ತಿದ್ದರು. ಯಾವುದರಿಂದಲೂ ಏನೂ ಆಗಲಿಲ್ಲ.

ಅವರ ಅತ್ತೆಯ ವಿಷಯ ಹೇಳಬೇಕು. ಎಪ್ಪತ್ತೈದು ದಾಟಿದ, ಬೆನ್ನು ಬಾಗದ ಮುದುಕಿ. ಸೊಸೆಯ ಕೈಯಡಿಗೆಯನ್ನು ಎದುರಿಗೆ ಹೊಗಳಿದವರಲ್ಲ, ಬೇರೆಯವರು ತೆಗಳಿದರೆ ಬಿಟ್ಟವರೂ ಅಲ್ಲ. ಮೊಮ್ಮಗಳನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದು ಆ ಅಜ್ಜಿಯೇ. ಸೊಸೆಗೆ ಎದೆಹಾಲು ಬಂದಿರಲಿಲ್ಲ. ಮೆಂತ್ಯದ ಗಂಜಿ, ಸಬ್ಬಸಿಗೆ, ಬೆಳ್ಳುಳ್ಳಿ ಎಲ್ಲ ಮಾಡಿ ಹಾಕಿ, ಒಂದು ಹನಿಯೂ ಬರದಿದ್ದಾಗ ಸೋತುಹೋಗಿದ್ದರು. ಆ ಸೋಲು ಮಾತಿನಲ್ಲಿ ಉಳಿದಿತ್ತು. ಒಮ್ಮೆ ಮೊಮ್ಮಗಳಿಗೆ ನೆಗಡಿಯಾಗಿ ಕಾಲೇಜಿಗೆ ಹೋಗಲಿಲ್ಲ. ನಾನು ಗೇಟಿನಲ್ಲಿದ್ದೆ. ಅಜ್ಜಿ ಜಗಲಿಯಿಂದಲೇ, "ತಾಯಿ ಹಾಲು ಕುಡಿದಿದ್ರೆ ತಾನೇ ಮೈಯಲ್ಲಿ ಶಕ್ತಿ ಇರೋದು!" ಎಂದರು.

ಅಕ್ಕ ಬಟ್ಟೆ ಹಿಂಡುತ್ತಿದ್ದರು. ಕೈ ನಿಲ್ಲಲಿಲ್ಲ. "ಹತ್ತೊಂಬತ್ತು ತುಂಬ್ತು ಅತ್ತೆ ಅವಳಿಗೆ. ಈಗ ಆ ಕೇಸ್ ಕ್ಲೋಸ್ ಮಾಡೋಣ್ವಾ?" ಎಂದರು. ಅಜ್ಜಿಗೇ ನಗು ಬಂತು. ಆದರೆ ಆ ಬಟ್ಟೆಯನ್ನು ಅಕ್ಕ ನೀರೆಲ್ಲ ಹೋದಮೇಲೂ ಹಿಂಡುತ್ತಲೇ ಇದ್ದರು.

ಎರಡು ವರ್ಷದ ಹಿಂದೆ, ಕಾರ್ತೀಕದಲ್ಲಿ, ಪಕ್ಕದ ಮನೆಯ ಪೂಜೆಗೆ ಪ್ರಸಾದ ಕಲಕುತ್ತಿದ್ದವರು ಹಾಗೇ ಕುಸಿದರು. ಬಾಣಲೆ ಉರುಳದ ಹಾಗೆ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕುಸಿದರು. ಗಂಡ ಪೀಣ್ಯದ ಕಾರ್ಖಾನೆಯಲ್ಲಿ ಡ್ಯೂಟಿಯಲ್ಲಿದ್ದರು, ಮಗಳು ಕಾಲೇಜಿನಲ್ಲಿದ್ದಳು. ನಾನೇ ಆಟೋದಲ್ಲಿ ಮಾರೇನಹಳ್ಳಿಯ ಕಡೆ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಗ್ಲೂಕೋಸ್ ಏರಿಸಿದರು, ರಕ್ತ ತೆಗೆದರು. ಉಪ್ಪಿನ ಅಂಶ ತುಂಬಾ ಇಳಿದಿದೆ, ಸಕ್ಕರೆಯೂ ಇಳಿದಿದೆ ಎಂದರು. ಸಂಜೆಯ ಹೊತ್ತಿಗೆ ಹಾರ್ಮೋನಿನ ಡಾಕ್ಟರ್ ಬಂದರು. ಚಿಕ್ಕ ವಯಸ್ಸಿನ ಹುಡುಗಿ. ಮೊದಲು ಅಕ್ಕನ ಹುಬ್ಬು ನೋಡಿದರು, ಆಮೇಲೆ ಅಂಗೈ.

"ಮಕ್ಕಳೆಷ್ಟಮ್ಮ?"

"ಒಬ್ಳೇ ಮಗಳು."

"ಹೆರಿಗೆ ಟೈಮಲ್ಲಿ ರಕ್ತ ತುಂಬಾ ಹೋಗಿತ್ತಾ?"

ಅಕ್ಕ ನನ್ನ ಕಡೆ ತಿರುಗಿ ನೋಡಿದರು, ಇದನ್ನು ಇವರಿಗೆ ನೀನು ಹೇಳಿದೆಯಾ ಎನ್ನುವ ಹಾಗೆ. ನನಗೇ ಅದು ಗೊತ್ತಿರಲಿಲ್ಲ.

"ಹೋಗಿತ್ತು ಮೇಡಂ. ಮಂಚದ ಕೆಳಗೆಲ್ಲ ಹರಿದಿತ್ತಂತೆ. ನಂಗೆ ಜ್ಞಾನ ಇರ್ಲಿಲ್ಲ."

"ಮಗೂಗೆ ಹಾಲು ಬಂತಾ?"

"ಇಲ್ಲ."

"ಆಮೇಲೆ ಮುಟ್ಟು?"

"ಇಲ್ಲ."

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ ಮೇಡಂ."

ಡಾಕ್ಟರ್ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು. ಮಿದುಳಿನ ಬುಡದಲ್ಲಿ ಬಟಾಣಿ ಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ, ಪಿಟ್ಯುಟರಿ ಅಂತ. ಬಸುರಿಯರಲ್ಲಿ ಅದು ದಪ್ಪವಾಗುತ್ತದೆ, ಅದಕ್ಕೆ ಹೆಚ್ಚು ರಕ್ತ ಬೇಕಾಗುತ್ತದೆ. ಹೆರಿಗೆಯಲ್ಲಿ ರಕ್ತವೆಲ್ಲ ಹರಿದುಹೋದರೆ ಅದು ಒಣಗಿಬಿಡುತ್ತದೆ ಎಂದರು. ಎದೆಗೆ ಹಾಲು ಮಾಡು ಎನ್ನುವುದೂ ಅದೇ, ಅಂಡಾಶಯಕ್ಕೆ ತಿಂಗಳು ತಿಂಗಳು ಕೆಲಸ ಹೇಳುವುದೂ ಅದೇ. ಮೈ ಬೆಚ್ಚಗಿಡುವ ಥೈರಾಯ್ಡಿಗೂ, ಕಷ್ಟದ ಹೊತ್ತಿನಲ್ಲಿ ಜೀವ ಹಿಡಿದು ನಿಲ್ಲಿಸುವ, ಕಿಡ್ನಿಯ ಮೇಲೆ ಕೂತ ಇನ್ನೊಂದು ಗ್ರಂಥಿಗೂ ಅದೇ ಹಾರ್ಮೋನ್ ಕಳಿಸಿ ಹೇಳಬೇಕು. "ಅವು ಯಾವೂ ಕೆಟ್ಟಿಲ್ಲಮ್ಮ. ಮೇಲಿಂದ ಹೇಳೋರಿಲ್ದೆ ಸುಮ್ನೆ ಕೂತಿವೆ. ಸ್ಕ್ಯಾನ್ ಮಾಡಿ ನೋಡೋಣ. ಆದ್ರೆ ಇದು ಅದೇ."

"ಹಾಲು ಬರ್ದೇ ಇದ್ದಿದ್ದೂ ಅದಕ್ಕೇನಾ?"

"ಅದಕ್ಕೇ. ನಿಮ್ಮ ತಪ್ಪೇನಿಲ್ಲ ಅದರಲ್ಲಿ."

ಅಕ್ಕ ಗ್ಲೂಕೋಸ್ ಬಾಟಲಿಯ ಕಡೆ ನೋಡುತ್ತಿದ್ದರು. "ಈ ಮಾತನ್ನ ನಮ್ಮತ್ತೆ ಎದುರಿಗೆ ಒಂದ್ಸಲ ಹೇಳ್ತೀರಾ ಮೇಡಂ?" ಎಂದರು. ಡಾಕ್ಟರ್, "ಕರ್ಕೊಂಡ್ ಬನ್ನಿ, ಖಂಡಿತ ಹೇಳ್ತೀನಿ" ಎಂದರು. "ಬೇಡ ಬಿಡಿ. ಅವರಿಗೂ ವಯಸ್ಸಾಯ್ತು" ಎಂದು ಅಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಸ್ಕ್ಯಾನಿನಲ್ಲೂ ಅದೇ ಬಂತು. ಆಮೇಲಿನ ಆಸ್ಪತ್ರೆ ಓಡಾಟವನ್ನೆಲ್ಲ ಮಗಳು ವಹಿಸಿಕೊಂಡಳು. ಮೂರು ಬಗೆಯ ಮಾತ್ರೆ ಕೊಟ್ಟರು. ಮೊದಲನೆಯದು ಸ್ಟಿರಾಯ್ಡ್, ಅದನ್ನು ಯಾವ ಕಾರಣಕ್ಕೂ ಬಿಡಬಾರದು, ಜ್ವರ ಬಂದರೆ ಎರಡರಷ್ಟು ತೆಗೆದುಕೊಳ್ಳಬೇಕು, ವಾಂತಿಯಾದರೆ ಇಂಜೆಕ್ಷನ್‌ಗೆ ಓಡಿಬರಬೇಕು ಎಂದು ಡಾಕ್ಟರ್ ಮಗಳ ಬಾಯಲ್ಲಿ ತಿರುಗಿ ಹೇಳಿಸಿದ್ದರಂತೆ. ಎರಡನೆಯದು ಥೈರಾಯ್ಡಿಗೆ. ಕೆಲವು ತಿಂಗಳ ನಂತರ ಸೇರಿದ ಮೂರನೆಯದು, ತಿಂಗಳು ತಿಂಗಳು ಮುಟ್ಟು ತರುವುದು. ಮೂಳೆ ಗಟ್ಟಿಯಾಗಿರಲು ಅದೂ ಬೇಕು ಎಂದಿದ್ದರು. ಮೂರೂ ಒಂದೇ ಡಬ್ಬಿಯಲ್ಲಿ. ದಿನಾ ಬೆಳಿಗ್ಗೆ ಮಗಳು ಒಂದು ಸ್ಟೀಲ್ ಮುಚ್ಚಳದಲ್ಲಿ ಮಾತ್ರೆ ಹಾಕಿ ಮುಂದಿಡುತ್ತಿದ್ದಳು.

ಆಮೇಲಿನ ತಿಂಗಳುಗಳನ್ನು ಹೇಗೆ ಬರೆಯಲಿ? ಒಬ್ಬರು ತಮ್ಮ ಮೈಗೆ ತಾವೇ ವಾಪಸ್ಸು ಬರುವುದನ್ನು ನಾನು ನೋಡಿದೆ. ಫೆಬ್ರವರಿಯ ಒಂದು ಮಧ್ಯಾಹ್ನ ಅಕ್ಕ ರಸ್ತೆ ದಾಟಿ ಓಡುವ ಹಾಗೆ ಬಂದರು. "ನೋಡಿಲ್ಲಿ, ನೋಡಿಲ್ಲಿ" ಎಂದು ಮುಖ ಮುಂದೆ ತಂದರು. ಮೇಲ್ದುಟಿಯ ಮೇಲೆ ಸಣ್ಣ ಬೆವರ ಹನಿಗಳು. "ಸೆಕೆ ಆಗ್ತಿದೆ ಕಣೇ ನಂಗೆ! ಫ್ಯಾನ್ ಹಾಕು ಅಂದೆ, ಅತ್ತೆ ಗಾಬರಿ ಆಗ್ಬಿಟ್ರು!" ಇಬ್ಬರೂ ನಕ್ಕೆವು. ದನಿ ತಿಳಿಯಾಯಿತು. ಹುಬ್ಬು ಚಿಗುರಿತು. ವಿಜಯನಗರದ ಮಾರ್ಕೆಟ್ಟಿನಿಂದ ಎರಡು ಚೀಲ ತರಕಾರಿ ಹಿಡಿದು ನಡೆದೇ ಬಂದರು. ಸಿಕ್ಕವರಿಗೆಲ್ಲ, ತರಕಾರಿಯವಳಿಗೂ ಸೇರಿಸಿ, "ಕೆಟ್ಟಿರ್ಲಿಲ್ಲವಂತೆ ಕಣ್ರೀ. ಹೇಳೋರಿಲ್ದೆ ಸುಮ್ನೆ ಕೂತಿದ್ವಂತೆ" ಎಂದು ಹೇಳುವರು.

ಮೊದಲ ಸಲ ಮುಟ್ಟು ಬಂದ ದಿನ ನಮ್ಮ ಗೇಟಿನ ಹೊರಗೆ ಬಂದು ನಿಂತರು. ಒಳಗೆ ಕರೆದರೆ ಬರಲಿಲ್ಲ. ಮುಖದಲ್ಲಿ ಒಂದು ಬಗೆಯ ನಾಚಿಕೆ, ಹೈಸ್ಕೂಲು ಹುಡುಗಿಯರಲ್ಲಿ ನಾನು ಕಾಣುವಂಥದು. ನನಗೆ ಹೊಳೆಯಿತು. "ನಮ್ಮನೇಲಿ ಅದೆಲ್ಲ ನಡೆಯಲ್ಲ, ಬನ್ನಿ ಅಕ್ಕ ಒಳಗೆ" ಎಂದೆ.

"ಬೇಡ. ಎಷ್ಟು ವರ್ಷದ ಮೇಲೆ ಹೊರಗೆ ಕೂತಿದೀನಿ. ಕೂತ್ಕೊಳಕ್ಕೆ ಬಿಡೇ."

ಅವರ ಮನೆಯ ಹಿಂದಿನ ಕೋಣೆಯಲ್ಲಿ ಆ ಮೂರು ದಿನ ಅವರು ಚಾಪೆಯ ಮೇಲೆ ಕಾಲು ಚಾಚಿ ಕೂತು ವಾರಪತ್ರಿಕೆ ಓದಿದರು. ಅತ್ತೆ ಕಾಫಿ ಮಾಡಿ ಹೊಸ್ತಿಲಾಚೆ ಇಟ್ಟು ಹೋಗುತ್ತಿದ್ದರು. "ಮದುವೆಯಾದಮೇಲೆ ಇದೇ ಮೊದ್ಲು ಇಷ್ಟೊಂದು ಕೂತಿದ್ದು" ಎಂದು ಕಿಟಕಿಯಿಂದ ನನಗೆ ಹೇಳಿದರು. ಆ ಆಚಾರವನ್ನು ನಾನು ಒಪ್ಪುವವಳಲ್ಲ. ಆದರೆ ಅದರ ಒಳಗೇ ಅವರು ಒಂದು ವಿಶ್ರಾಂತಿಯನ್ನು ಕಂಡುಕೊಂಡಿದ್ದರು, ಅದನ್ನು ಇಲ್ಲವೆನ್ನಲಾರೆ.

ರಸ್ತೆಗೆ ಮಾತ್ರ ಇದು ಒಗ್ಗಲಿಲ್ಲ. ಯಾರೂ ಕೆಟ್ಟದಾಗಿ ಆಡಲಿಲ್ಲ, ಆದರೆ ಕರೆಯುವುದು ಕಡಿಮೆಯಾಯಿತು. "ಈಗ ಅವರನ್ನ ಕರೆಯೋಕೂ ಡೇಟ್ ಕೇಳ್ಬೇಕು. ಕೇಳೋದು ಹೇಗೆ ಹೇಳಿ?" ಎಂದು ಪಕ್ಕದ ಮನೆಯಾಕೆ ಹೂ ಕೊಳ್ಳುತ್ತಾ ಅಂದಾಗ, ಅಕ್ಕ ಹಿಂದೆಯೇ ನಿಂತಿದ್ದರು. "ಕೇಳ್ರೀ, ನಾನೇನು ಬೇಜಾರು ಮಾಡ್ಕೊಳಲ್ಲ" ಎಂದರು. ಯಾರೂ ಕೇಳಲಿಲ್ಲ. ಮುಂದಿನ ರಸ್ತೆಯಲ್ಲಿ ವಯಸ್ಸಾದ ಒಬ್ಬರು ಸಿಕ್ಕರು. ಪ್ರಸಾದಕ್ಕೆ ಅವರನ್ನು ಕರೆಯತೊಡಗಿದರು. ಮೂಲೆಮನೆಯ ಗೇಟು ಬೆಳಿಗ್ಗೆ ಸದ್ದು ಮಾಡುವುದು ನಿಂತಿತು. ಅಕ್ಕ ಅದನ್ನು ಮಾತಿನಲ್ಲಿ ತೋರಿಸಿಕೊಳ್ಳಲಿಲ್ಲ. ಆದರೆ ಯಾರ ಮನೆಯ ಪೂಜೆಯ ಗಂಟೆ ಕೇಳಿದರೂ, ಮಾತಾಡುತ್ತಿದ್ದವರು ನಿಲ್ಲಿಸಿ, "ಇಷ್ಟು ಬೇಗ ಮಂಗಳಾರತಿ? ಪ್ರಸಾದ ಇನ್ನೂ ಆರಿರಲ್ಲ" ಎನ್ನುವರು. ಮೈ ಸರಿಹೋದಮೇಲೆ ಅವರ ಕೈಗೆ ಕೆಲಸವಿಲ್ಲದಾಯಿತು. ಹಾಗೆ ಕೂರುವುದು ಅವರಿಗೆ ಗೊತ್ತಿರಲಿಲ್ಲ.

ಶ್ರಾವಣ ಬಂತು. ವರಮಹಾಲಕ್ಷ್ಮಿ ಹಬ್ಬವನ್ನು ಆ ಸಲ ತಮ್ಮ ಮನೆಯಲ್ಲೇ ದೊಡ್ಡದಾಗಿ ಮಾಡುವುದು, ರಸ್ತೆಯ ಎಲ್ಲರನ್ನೂ ಊಟಕ್ಕೆ ಕರೆಯುವುದು ಎಂದು ಅಕ್ಕ ಹೊರಟರು. ಮನೆಮನೆಗೂ ಹೋಗಿ ಕರೆದರು. "ಅಡಿಗೆಗೆ ಯಾರನ್ನ ಕರೆಸ್ತಿದೀರಿ?" ಎಂದು ಕೇಳಿದವರಿಗೆ, "ಯಾಕೆ, ನಾನು ಸತ್ತಿದೀನಾ?" ಎಂದು ತಮಾಷೆ ಮಾಡಿದರು. ಮಗಳಿಗೆ ಆ ವಾರಗಳಲ್ಲಿ ಪ್ರಾಕ್ಟಿಕಲ್ ಪರೀಕ್ಷೆ, ಬೆಳಿಗ್ಗೆ ಬೇಗ ಹೊರಡಬೇಕು. "ಮಾತ್ರೆ ನಾನೇ ತಗೋತೀನಿ ಹೋಗೇ, ನಾನೇನು ಮಗೂನಾ?" ಎಂದು ಅವಳನ್ನು ಕಳಿಸಿದರು.

ಹಬ್ಬಕ್ಕೆ ಎರಡು ದಿನ ಮುಂಚೆ ಮಾರ್ಕೆಟ್ಟಿನಲ್ಲಿ ಸಿಕ್ಕರು. ಬಾಳೆಕಂದು, ಮಾವಿನ ಸೊಪ್ಪು, ಸೇವಂತಿಗೆ. ಮೈಮೇಲೆ ಸ್ವೆಟರ್ ಇತ್ತು. ಜಡಿಮಳೆ ಹಿಡಿದಿತ್ತು, ಮಾರ್ಕೆಟ್ಟಿನಲ್ಲಿ ಅರ್ಧ ಜನ ಸ್ವೆಟರ್ ಹಾಕಿಕೊಂಡಿದ್ದರು. ಮೂಗು ಕೆಂಪಾಗಿತ್ತು. "ಸ್ವಲ್ಪ ಮೈ ಬಿಸಿ ಅಷ್ಟೇ, ಊರಿಗೆಲ್ಲ ಇದೆಯಲ್ಲ" ಎಂದು ಚೀಲ ಎತ್ತಿಕೊಂಡು ನಡೆದರು.

ಹಬ್ಬದ ಬೆಳಿಗ್ಗೆ ನಾನು ಹೋದಾಗ ಕಳಶ ಕೂರಿಸಿ ಆಗಿತ್ತು. ನಡುಮನೆಯಲ್ಲಿ ಹೆಂಗಸರು ಸೇರುತ್ತಿದ್ದರು. ಅಕ್ಕ ತಲೆಗೆ ನೀರು ಹಾಕಿಕೊಂಡು, ಒದ್ದೆ ಮಡಿಸೀರೆಯಲ್ಲಿ, ಉಪವಾಸವಿದ್ದು, ಒಲೆಯ ಮುಂದೆ ಒಬ್ಬಟ್ಟು ತಟ್ಟುತ್ತಿದ್ದರು. ಮುಖ ಮತ್ತೆ ಮೇಣವಾಗಿತ್ತು. ಎರಡು ಸಲ ಹಿತ್ತಲಿಗೆ ಹೋಗಿ ವಾಂತಿ ಮಾಡಿ ಬಂದಿದ್ದರೆಂದು ಆಮೇಲೆ ತಿಳಿಯಿತು. "ಅಕ್ಕ, ನೀವು ಕೂತ್ಕೊಳ್ಳಿ, ನಾನು ತಟ್ತೀನಿ" ಎಂದೆ. "ನೀನು ಕಾಫಿ ಕುಡಿದು ಬಂದಿದೀಯ, ಮಡಿ ಇಲ್ಲ, ಆಚೆ ನಿಲ್ಲೇ" ಎಂದು ನಕ್ಕರು. ಒಬ್ಬಟ್ಟನ್ನು ಹೆಂಚಿನ ಮೇಲೆ ಹಾಕಿದರು. ತಿರುವಿ ಹಾಕಲು ಕೈ ಎತ್ತಿದವರು, ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ನನ್ನನ್ನು ನೋಡಿದರು, ಏನೋ ಕೇಳುವವರ ಹಾಗೆ. ಆಮೇಲೆ ಬಿದ್ದರು.

ಮಾಗಡಿ ರಸ್ತೆಯುದ್ದಕ್ಕೂ ಹೂವಿನ ಗಾಡಿಗಳು, ಹಬ್ಬದ ಜನ. ಅವರ ಗಂಡ ಕಾರಿನ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಹಿಂದಿನ ಸೀಟಿನಲ್ಲಿ ಅಕ್ಕನ ತಲೆ ನನ್ನ ತೊಡೆಯ ಮೇಲೆ. ಕೈ ತಣ್ಣಗಿತ್ತು. ಏನೋ ಗೊಣಗಿದರು, ಬಗ್ಗಿ ಕೇಳಿದೆ. "ಒಲೆ ಆರ್ಸಿದ್ರಾ?" ಎಂದರು. ಆರಿಸಿದ್ದಾರೆ ಅಕ್ಕ ಎಂದೆ. ಅದೇ ಅವರ ಕೊನೆಯ ಮಾತು.

ಆಸ್ಪತ್ರೆಯಲ್ಲಿ ಕೂಡಲೇ ಎಲ್ಲ ಮಾಡಿದರು. ಬಿ.ಪಿ. ಸಿಗುತ್ತಿಲ್ಲ ಎಂದರು. "ಸ್ಟಿರಾಯ್ಡ್ ತಗೊಳ್ತಿದ್ರಾ? ಬಿಟ್ಟಿದ್ರಾ?" ಎಂದು ಡಾಕ್ಟರ್ ಕೇಳಿದರು. ಪರೀಕ್ಷೆಯಿಂದ ಓಡಿಬಂದ ಮಗಳು, "ತಗೊಳ್ತಿದ್ರು" ಎಂದಳು. ಹೇಳಿದವಳೇ ಅನುಮಾನ ಬಂದು ಮನೆಗೆ ಓಡಿದಳು. ಮಾತ್ರೆಯ ಡಬ್ಬಿ ಅಟ್ಟದ ಮೇಲೆ, ಖಾಲಿ ಪಾತ್ರೆಗಳ ಹಿಂದೆ ಇತ್ತು. ಅವಳು ಮಾತ್ರೆ ಹಾಕಿಕೊಡುವುದು ನಿಲ್ಲಿಸಿದ ದಿನದಿಂದ ಒಂದು ಮಾತ್ರೆಯೂ ಕಡಿಮೆಯಾಗಿರಲಿಲ್ಲ. ಅವಳು ವಾಪಸ್ಸು ಬರುವ ಹೊತ್ತಿಗೆ ಇಂಜೆಕ್ಷನ್ ಕೊಟ್ಟಾಗಿತ್ತು. ಇಳಿಮಧ್ಯಾಹ್ನ ಎಲ್ಲ ಮುಗಿಯಿತು.

ಮಣ್ಣಿಗೆ ಬಂದ ಹೆಂಗಸರು, "ಪುಣ್ಯವಂತೆ. ಮುತ್ತೈದೆಯಾಗಿ, ಹಬ್ಬದ ದಿನ, ಮಡೀಲಿ ಹೋದ್ಲು" ಎಂದು ಕಣ್ಣೊರಸಿಕೊಂಡರು. ಆ ಮಾತನ್ನೂ ಅವರು ನಂಬಿಯೇ ಹೇಳಿದರು.

ಕರ್ಮಗಳೆಲ್ಲ ಮುಗಿದು ನೆಂಟರು ಹೊರಟುಹೋದ ಮರುದಿನ, ಮಧ್ಯಾಹ್ನ, ನಾನು ಅಲ್ಲಿಗೆ ಹೋದೆ. ಗಂಡ ಒಳಗೆ ಮಲಗಿದ್ದರು. ಅಜ್ಜಿ ಊಟದ ಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು. ಬೆನ್ನು ಬಾಗಿತ್ತು. ನನ್ನನ್ನು ಹತ್ತಿರ ಕೂರಿಸಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದರು:

"ನಾನೇ ಹೇಳಿದ್ದು ಕಣಮ್ಮ. ಈ ಹಬ್ಬಕ್ಕಾದ್ರೂ ಆ ಮುಟ್ಟಿನ ಮಾತ್ರೆ ಬಿಡು ಅಂದೆ. ಅವಳಿಗೂ ಬೇಕಾಗಿತ್ತು. ನಕ್ಕೊಂಡು, 'ಊರೋರೆಲ್ಲ ಮಾತ್ರೆ ತಗೊಂಡು ಮುಂದಕ್ಕೆ ಹಾಕ್ತಾರೆ ಅತ್ತೆ, ನಾನು ಬಿಟ್ಟು ಹಾಕ್ತೀನಿ' ಅಂತ ಡಬ್ಬೀನೇ ಎತ್ತಿ ಮೇಲಿಟ್ಲು. ಎಲ್ಲಾ ಅದೇ ಬಟಾಣಿ ಕಾಳಿಂದು ಅಂದಿದ್ರಲ್ಲ ಡಾಕ್ಟ್ರು. ಎಲ್ಲಾ ಒಂದೇ ಅನ್ಕೊಂಡ್ವಿ. ನಂಗೇನು ಗೊತ್ತು? ನೀನು ಓದಿದೋಳು, ಹೇಳು. ಅದಕ್ಕೇ ಹೋದ್ಲಾ?"

ನಾನು, "ಜ್ವರ ಇತ್ತಲ್ಲಮ್ಮ. ಉಪವಾಸ ಬೇರೆ. ಒದ್ದೆ ಸೀರೆ" ಎಂದೆ. ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಜ್ಜಿ ನನ್ನ ಮುಖವನ್ನೇ ನೋಡುತ್ತಿದ್ದರು.

ಅಡಿಗೆಮನೆಯ ಬಾಗಿಲಲ್ಲಿ ಮಗಳು ತಟ್ಟೆ ಹಿಡಿದು ನಿಂತಿದ್ದಳು.

"ಹೌದಜ್ಜಿ" ಎಂದಳು. "ಅದಕ್ಕೇ."

ಮುದುಕಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಮಗಳು ಬಂದು ಎದುರಿಗೆ ನೆಲದ ಮೇಲೆ ಕೂತಳು. ಅನ್ನಕ್ಕೆ ಸಾರು ಹಾಕಿ ಕಲಸಿದಳು. ಅವಳ ಮುಖ ಕಲ್ಲಾಗಿತ್ತು.

"ಗೊತ್ತಿದ್ದೂ ನಂಗೆ ಅನ್ನ ಹಾಕ್ತೀಯೇನೇ?" ಎಂದರು ಅಜ್ಜಿ.

"ಬೆಳಗಿಂದ ಏನೂ ತಿಂದಿಲ್ಲ ನೀನು" ಎಂದಳು ಅವಳು. ಅಜ್ಜಿಯ ಕೈಗಳನ್ನು ಬಾಯಿಂದ ಒಂದೊಂದಾಗಿ ಬಿಡಿಸಿ, ತುತ್ತು ಇಟ್ಟಳು.